ಕುಡಿತದ ಮರುದಿನ: ಗ್ರಾಂ ಮತ್ತು ಗಂಟೆಗಳ ಲೆಕ್ಕ

ಮದ್ಯಪಾನದ ಮರುದಿನ ಕಾಣಿಸಿಕೊಳ್ಳುವ ತಲೆಸಿಡಿತ, ಆರದ ಬಾಯಾರಿಕೆ, ಹೊಟ್ಟೆ ತೊಳಸು, ಬೆಳಕನ್ನೂ ಸದ್ದನ್ನೂ ತಾಳಲಾಗದ ಸ್ಥಿತಿ, ಕಾರಣ ತಿಳಿಯದ ದಿಗಿಲು ಇವೆಲ್ಲವನ್ನೂ ಸೇರಿಸಿ ಈಗ ಹಳ್ಳಿಗಳಲ್ಲಿಯೂ ಹ್ಯಾಂಗೋವರ್ ಎಂದೇ ಕರೆಯಲಾಗುತ್ತದೆ. ರಕ್ತದಲ್ಲಿ ಮದ್ಯಸಾರ ಏರುತ್ತಿರುವಾಗ ಈ ಬಾಧೆಯ ಸುಳಿವೇ ಇರುವುದಿಲ್ಲ. ಅದು ಇಳಿಯುತ್ತ ಸೊನ್ನೆಯ ಹತ್ತಿರಕ್ಕೆ ಬಂದಾಗ ಬಾಧೆ ತೀವ್ರವಾಗುತ್ತದೆ ಮತ್ತು ಕೆಲವರಲ್ಲಿ ಇಡೀ ದಿನ ಉಳಿಯುತ್ತದೆ. ಹಾಗಾಗಿ ಬೆಳಗಿನ ಸ್ಥಿತಿ ಹಿಂದಿನ ಸಂಜೆಯೇ, ಎಷ್ಟು ಗ್ರಾಂ ಮದ್ಯಸಾರ ಎಷ್ಟು ಹೊತ್ತಿನಲ್ಲಿ ಒಳಗೆ ಹೋಯಿತು ಎಂಬುದರ ಮೇಲೆ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಹಳೇ ಮೈಸೂರು ಭಾಗದ ಬೀಗರ ಊಟಗಳಲ್ಲಿ ಕುಡಿದು, ಕುಡಿಸಿ, ಮರುದಿನದ ಪಾಡನ್ನು ತನ್ನ ಮೈಯಲ್ಲೂ ಬಂಧುಗಳ ಮೈಯಲ್ಲೂ ಕಂಡ ಲೇಖಕನೊಬ್ಬನಿಗೆ ಮನದಟ್ಟಾದ ಪಾಠಗಳಲ್ಲಿ ಇದೇ ಮುಖ್ಯವಾದುದು.

ಕುಡಿದದ್ದರ ಬಹುಪಾಲನ್ನು ಕರಗಿಸುವ ಹೊಣೆ ಯಕೃತ್ತಿನದು. ಅಲ್ಲಿರುವ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ಎಥನಾಲ್ ಎಂಬ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾರ್ಪಡಿಸುತ್ತದೆ; ಮತ್ತೊಂದು ಕಿಣ್ವ ಆ ವಿಷವನ್ನು ಹೆಚ್ಚು ಹೊತ್ತು ನಿಲ್ಲಗೊಡದೆ ಅಸಿಟೇಟ್ ಎಂಬ ಸೌಮ್ಯ ವಸ್ತುವಾಗಿಸುತ್ತದೆ. ಜಪಾನ್, ಚೀನಾ, ಕೊರಿಯಾಗಳ ಅನೇಕರಲ್ಲಿ ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವುದರಿಂದ ಸ್ವಲ್ಪ ಕುಡಿದರೂ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯೂ ಇದೇ ಕಿಣ್ವವನ್ನು ತಡೆದು ಅಂಥದೇ ಸ್ಥಿತಿಯನ್ನು ತರುತ್ತದೆ; ಈ ಮಾತ್ರೆಯನ್ನು ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡುವುದು ಪ್ರಾಣಕ್ಕೇ ಸಂಚಕಾರ ತರಬಲ್ಲದು ಎಂಬುದನ್ನು ನೊಂದ ಮನೆಯವರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಯಕೃತ್ತಿನ ವೇಗಕ್ಕೆ ಮಿತಿಯಿದೆ. ಸಾಮಾನ್ಯ ವಯಸ್ಕರ ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಕಾಫಿಯಾಗಲಿ, ನಿಂಬೆಹಣ್ಣಾಗಲಿ, ತಣ್ಣೀರ ಸ್ನಾನವಾಗಲಿ ಈ ವೇಗವನ್ನು ಹೆಚ್ಚಿಸಲಾರವು. ಹೀಗಿದ್ದರೂ ಕುಡಿಯುವವರ ಲೆಕ್ಕ ಲೋಟಗಳಲ್ಲಿ, ಬಾಟಲಿಗಳಲ್ಲಿ ನಡೆಯುತ್ತದೆಯೇ ಹೊರತು ಗ್ರಾಂಗಳಲ್ಲಿ ನಡೆಯುವುದಿಲ್ಲ. ನಮ್ಮ ವಿಸ್ಕಿ, ಬ್ರಾಂದಿ, ರಮ್ಮುಗಳ ಚೀಟಿಯ ಮೇಲೆ ಸಾಮಾನ್ಯವಾಗಿ 42.8 ಶೇಕಡಾ ಎಂಬ ಅಂಕಿ ಇರುತ್ತದೆ. ಇದು ಗಾತ್ರದ ಲೆಕ್ಕದಲ್ಲಿ ಮದ್ಯಸಾರದ ಪ್ರಮಾಣ. ಒಂದು ಮಿಲಿಲೀಟರ್ ಮದ್ಯಸಾರ 0.79 ಗ್ರಾಂ ತೂಗುವುದರಿಂದ 30 ಮಿಲಿಯ ಸ್ಮಾಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ಜನ ನೈಂಟಿ ಎನ್ನುವ 90 ಮಿಲಿಯಲ್ಲಿ 30 ಗ್ರಾಂ, ಕ್ವಾರ್ಟರ್ ಎನ್ನುವ 180 ಮಿಲಿಯಲ್ಲಿ 60 ಗ್ರಾಂ ಮದ್ಯಸಾರ ಇರುತ್ತದೆ. ಬಿಯರ್ ಎಂದರೆ ನಿರಪಾಯ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ, ಏಕೆಂದರೆ 8 ಶೇಕಡಾ ಮದ್ಯಸಾರವಿರುವ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯೊಂದರಲ್ಲಿ 41 ಗ್ರಾಂ, ಎಂದರೆ ನಾಲ್ಕು ಸ್ಮಾಲ್ ಪೆಗ್ಗುಗಳಷ್ಟು ಮದ್ಯಸಾರ ಅಡಗಿರುತ್ತದೆ. ‘ಬಿಯರ್ ಬಿಟ್ಟು ಬೇರೇನೂ ಮುಟ್ಟಲಿಲ್ಲ’ ಎಂದು ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತವನು ಸುಳ್ಳು ಹೇಳುತ್ತಿರುವುದಿಲ್ಲ, ಅವನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ.

ರಾತ್ರಿ ಎಂಟಕ್ಕೆ ಶುರುಮಾಡಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತ ಶುದ್ಧವಾಗುವುದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಎರಡು ಕ್ವಾರ್ಟರ್ ಹಾಕಿದವನು ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ತೊಟ್ಟು ಬೈಕು ಹತ್ತುವಾಗಲೂ ಅವನ ರಕ್ತದಲ್ಲಿ ಮದ್ಯಸಾರ ಉಳಿದೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಕುಡಿದದ್ದು ನಿನ್ನೆ ಎಂಬ ಸಮಜಾಯಿಷಿಗೆ ಅಲ್ಲಿ ಬೆಲೆಯಿಲ್ಲ. ಅಷ್ಟೇ ಕುಡಿದರೂ ಹೆಂಗಸರ ರಕ್ತದಲ್ಲಿ ಮದ್ಯಸಾರದ ಮಟ್ಟ ಇನ್ನೂ ಮೇಲಕ್ಕೇರುತ್ತದೆ, ಏಕೆಂದರೆ ಅವರ ದೇಹದಲ್ಲಿ ಮದ್ಯಸಾರ ಹರಡಿಕೊಳ್ಳಲು ಬೇಕಾದ ನೀರಿನ ಪಾಲು ಕಡಿಮೆ.

ಬೀಗರ ಊಟದ ಕ್ರಮವೇ ಮರುದಿನದ ಬಾಧೆಗೆ ಅರ್ಧ ಕಾರಣವಾಗುತ್ತದೆ ಎನ್ನಬಹುದು. ಮುದ್ದೆ, ಬೋಟಿ ಗೊಜ್ಜು, ಮಾಂಸದ ಸಾರು, ಅನ್ನ ಎಲ್ಲವೂ ಸಿದ್ಧವಾಗಿದ್ದರೂ ಎಲೆಯ ಮುಂದೆ ಕೂರುವುದು ಕುಡಿತ ಮುಗಿದ ಮೇಲೆ. ಅಲ್ಲಿಯವರೆಗೆ ತೋಟದ ಮರೆಯಲ್ಲಿ ಹುರಿದ ಕಡಲೆಬೀಜವನ್ನೋ ಎರಡು ತುಂಡು ಮಾಂಸವನ್ನೋ ನಂಚಿಕೊಂಡು, ಬರಿಹೊಟ್ಟೆಗೆ ಬೇಗಬೇಗನೆ ಸುರಿದುಕೊಳ್ಳುವುದು ರೂಢಿ. ಖಾಲಿ ಜಠರದಿಂದ ಮದ್ಯ ಸಣ್ಣ ಕರುಳಿಗೆ ತಕ್ಷಣ ಜಾರಿ ರಕ್ತಕ್ಕೆ ಸೇರುತ್ತದೆ. ಊಟ ಮೊದಲಾದರೆ ಜಠರ ಅದನ್ನು ತಡೆದು ನಿಧಾನವಾಗಿ ಬಿಡುವುದರಿಂದ ಅಮಲಿನ ಏರಿಕೆ ತಗ್ಗುತ್ತದೆ. ಮುದ್ದೆ ಉಂಡು ಆಮೇಲೆ ಲೋಟ ಹಿಡಿದ ದಿನ ಇದೇ ಲೇಖಕ ಕುಡಿದದ್ದೂ ಕಡಿಮೆ, ಮರುದಿನ ನರಳಿದ್ದೂ ಕಡಿಮೆ. ಹೊಟ್ಟೆ ತುಂಬಿದವನಿಗೆ ಹೆಚ್ಚು ಕುಡಿಯಲು ಆಗುವುದೂ ಇಲ್ಲ ಎಂಬುದು ಇದರ ಇನ್ನೊಂದು ಲಾಭ. ಬಡಿಸುವವರು ಮನಸ್ಸು ಮಾಡಿದರೆ ಈ ಕ್ರಮವನ್ನು ಹಿಂದುಮುಂದು ಮಾಡುವುದು ಕಷ್ಟವೇನಲ್ಲ.

ಇನ್ನು ಬಾಯಾರಿಕೆಯ ವಿಚಾರ. ಮೂತ್ರವಾಗಿ ಹೋಗುವ ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಗಳಿಗೆ ಸೂಚನೆ ಕೊಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯ ಅಡಗಿಸುತ್ತದೆ. ಕುಡಿದಾಗ ಪದೇಪದೇ ಎದ್ದು ಹೋಗಬೇಕಾಗುವುದು ಅದರಿಂದಲೇ. ಪೆಗ್ಗುಗಳ ನಡುವೆ ನೀರು ಕುಡಿದರೆ ನೀರಿನ ನಷ್ಟ ತುಂಬುವುದರ ಜೊತೆಗೆ ಕುಡಿತದ ವೇಗವೂ ತಗ್ಗುತ್ತದೆ. ಆದರೂ ನೀರೊಂದರಿಂದಲೇ ಹ್ಯಾಂಗೋವರ್ ತಪ್ಪುವುದಿಲ್ಲ, ಏಕೆಂದರೆ ಜಠರದ ಒಳಪದರದ ಉರಿ, ದೇಹದೊಳಗಿನ ಉರಿಯೂತ, ಕೆಟ್ಟ ನಿದ್ರೆ ಇವು ನೀರಿಗೆ ಬಗ್ಗುವಂಥವಲ್ಲ. ಮದ್ಯ ಬೇಗ ನಿದ್ರೆ ಹತ್ತಿಸುತ್ತದೆ ನಿಜ. ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ರೆಯನ್ನು ಅದುಮಿ, ತಾನು ಇಳಿಯುವ ಹೊತ್ತಿಗೆ ಅದನ್ನು ಕೆರಳಿಸಿ, ಮೂರು ಗಂಟೆಗೋ ನಾಲ್ಕು ಗಂಟೆಗೋ ಬೆವರುತ್ತ ಎಚ್ಚರಗೊಳ್ಳುವಂತೆ ಮಾಡುತ್ತದೆ. ಬಣ್ಣದ ಮದ್ಯಗಳಲ್ಲಿ ಹುದುಗುವಿಕೆಯಿಂದಲೂ ಮರದ ಪೀಪಾಯಿಯಿಂದಲೂ ಬಂದ ಇತರ ವಸ್ತುಗಳು ಹೆಚ್ಚಿರುವುದರಿಂದ, ಅಷ್ಟೇ ಮದ್ಯಸಾರದ ವೋಡ್ಕಾಗಿಂತ ಬೂರ್ಬನ್ ವಿಸ್ಕಿ ಹೆಚ್ಚು ಬಾಧಿಸುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಪ್ರಮಾಣ ಮಿತಿಮೀರಿದರೆ ವೋಡ್ಕಾ ಕೂಡ ಕಾಯುವುದಿಲ್ಲ.

ಬೆಳಗಿನ ಮದ್ದುಗಳನ್ನು ಕುರಿತು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಹ್ಯಾಂಗೋವರನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎನ್ನಲು ಗಟ್ಟಿಯಾದ ಪುರಾವೆಯುಳ್ಳ ಯಾವ ಉಪಾಯವೂ ಸಿಗಲಿಲ್ಲವೆಂದು ತೀರ್ಮಾನಿಸಿತು. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ಓಆರ್‌ಎಸ್ ಪುಡಿಯ ನೀರು, ಇಡ್ಲಿಯಂಥ ಹಗುರ ತಿಂಡಿ ಇವು ನೀರು, ಲವಣ, ಸಕ್ಕರೆಯ ಕೊರತೆ ತುಂಬಿ ಹಿತ ಕೊಡುತ್ತವೆ, ಅಷ್ಟರಮಟ್ಟಿಗೆ ಒಳ್ಳೆಯವು. ತಲೆನೋವಿನ ಮಾತ್ರೆಯ ವಿಚಾರದಲ್ಲಿ ಮಾತ್ರ ತೀರ ಎಚ್ಚರ ಬೇಕು: ದಿನವೂ ಹೆಚ್ಚು ಕುಡಿಯುವವರಲ್ಲಿ ಪ್ಯಾರಾಸಿಟಮಾಲ್ ಯಕೃತ್ತಿಗೆ ಹೆಚ್ಚಿನ ಹಾನಿ ಮಾಡಬಲ್ಲದು, ಆಸ್ಪಿರಿನ್ ಮತ್ತು ಐಬುಪ್ರೊಫೆನ್‌ಗಳು ಮೊದಲೇ ಉರಿಯುತ್ತಿರುವ ಜಠರವನ್ನು ಇನ್ನಷ್ಟು ಕೆಣಕುತ್ತವೆ.

ಬೆಳಿಗ್ಗೆ ಇನ್ನೊಂದು ಸ್ಮಾಲ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಬಹಳ ಹಳೆಯದು. ಕುಡಿತದಿಂದ ಹುಟ್ಟುವ ಮದಾತ್ಯಯವೆಂಬ ವ್ಯಾಧಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಚರಕಸಂಹಿತೆಯೂ ಕ್ರಮವರಿತು ಕೊಟ್ಟ ಮದ್ಯವನ್ನು ಅದರ ಚಿಕಿತ್ಸೆಗಳಲ್ಲಿ ಸೇರಿಸಿದೆ. ವೈದ್ಯನ ಕೈಯ ಆ ಕ್ರಮಕ್ಕೂ ಅಂಗಡಿ ಬಾಗಿಲು ತೆರೆಯುವುದನ್ನೇ ಕಾಯುವ ಅಭ್ಯಾಸಕ್ಕೂ ಸಂಬಂಧ ಕಲ್ಪಿಸುವುದು ತಪ್ಪು. ಬೆಳಗಿನ ಪೆಗ್ ಬಾಧೆಯನ್ನು ಮುಂದೂಡುತ್ತದೆ, ಚಟಕ್ಕೆ ದಾರಿಯಾಗುತ್ತದೆ. ಕುಡಿಯದಿದ್ದರೆ ಕೈ ನಡುಗುವುದು, ಬೆವರುವುದು, ಇಲ್ಲದ್ದು ಕಾಣುವುದು ಶುರುವಾದರೆ ಅದು ಹ್ಯಾಂಗೋವರ್ ಆಗಿರದೆ ಮದ್ಯಕ್ಕೆ ಒಗ್ಗಿದ ದೇಹದ ಹಿಂತೆಗೆತ ಲಕ್ಷಣವಾಗಿರುತ್ತದೆ. ಅಂಥವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ನಿಲ್ಲಿಸುವ ಬದಲು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಲ್ಲಿ ಚಿಕಿತ್ಸೆ ಪಡೆಯಬೇಕು.

ಕಳ್ಳಭಟ್ಟಿ ಕುಡಿದವರ ಮರುದಿನದ ತಲೆನೋವನ್ನು ಹ್ಯಾಂಗೋವರ್ ಎಂದು ಎಣಿಸಿ ಸುಮ್ಮನಿರಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಕಲಬೆರಕೆ ಸಾರಾಯಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಂಥ ಕಲಬೆರಕೆಗೆ ಬಳಸುವ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಮತ್ತು ಅದರ ಲಕ್ಷಣಗಳು ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಹೊರಬೀಳುವುದರಿಂದ ಮನೆಯವರಿಗೆ ನಿನ್ನೆಯ ಅಮಲೇ ಎಂಬ ಭ್ರಮೆಯಾಗುತ್ತದೆ. ದೃಷ್ಟಿ ಮಂಜಾದರೆ, ಹೊಟ್ಟೆ ಹಿಂಡಿದರೆ, ಉಸಿರು ಏದುಸಿರಾದರೆ ಗಂಟೆಗಳನ್ನು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವನನ್ನು ಅಂಗಾತ ಮಲಗಿಸದೆ, ವಾಂತಿ ಉಸಿರುನಾಳಕ್ಕೆ ಹೋಗದಂತೆ ಮಗ್ಗುಲಿಗೆ ಹೊರಳಿಸಿ ಸಾಗಿಸಬೇಕು, ಅವನ ಜೊತೆ ಕುಡಿದವರು ನಡೆದಾಡುವಂತಿದ್ದರೂ ಅವರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.