ಹಳೆ ಗೇಮಿಗೆ ಹೊಸ ದುಡ್ಡು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಈಗ ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿರುವವರ ಮುಂದೆ ಕಾಂಟ್ರಾ, ಮಾರಿಯೊ, ಟ್ಯಾಂಕ್ ಗೇಮ್ ಎಂದು ಹೆಸರೆತ್ತಿ ನೋಡಿ, ಮುಖ ಅರಳುತ್ತದೆ. ಅವೇ ಆಟಗಳು ಮತ್ತೆ ಮಾರಾಟಕ್ಕೆ ಬಂದಿವೆ ಎಂದು ಹೇಳಿದರೆ ಮಾತ್ರ, "ಹಳೇ ಗೇಮಿಗೆ ಯಾರ್ ರೊಕ್ಕ ಕೊಡ್ತಾರ್ರೀ?" ಎಂಬ ಮಾತು ಬರುತ್ತದೆ. ಕೇಳಬೇಕಾದ ಪ್ರಶ್ನೆಯೇ ಅದು. ಮಕ್ಕಳು ಕಾಡುತ್ತಿದ್ದಾರೆಂದು ವಿಷಯ ತಿಳಿಯಲು ಹೊರಟ ತಂದೆತಾಯಿಗಳಿಗೆ, ಮೊದಲ ಲ್ಯಾಪ್‌ಟಾಪ್ ಕೊಂಡ ಕಾಲೇಜು ವಿದ್ಯಾರ್ಥಿಗಳಿಗೆ, ಗೇಮ್ ಎಂದರೆ ಮೊಬೈಲಿನದ್ದಷ್ಟೇ ಎಂದುಕೊಂಡವರಿಗೆ ಅರ್ಥವಾಗುವಂತೆ ಇದನ್ನು ಬುಡದಿಂದ ನೋಡೋಣ.

ನಮ್ಮೂರುಗಳಿಗೆ ಈ ಆಟಗಳು ಬಂದ ದಾರಿಯನ್ನು ಮೊದಲು ನೆನಪಿಸಿಕೊಳ್ಳಬೇಕು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ಟಿವಿಗೆ ಜೋಡಿಸಿ, ಮೇಲೆ ಕ್ಯಾಸೆಟ್ ಸಿಕ್ಕಿಸಿ ಆಡುವ ಯಂತ್ರ ಅದು. ಸೂಪರ್ ಮಾರಿಯೊ ಬ್ರದರ್ಸ್ 1985ರದ್ದು. ನಾವು ಟ್ಯಾಂಕ್ ಗೇಮ್ ಎನ್ನುವ ಆಟದ ನಿಜ ಹೆಸರು ಬ್ಯಾಟಲ್ ಸಿಟಿ, ಅದೂ 1985ರದ್ದೇ, ಮಾಡಿದ್ದು ನಾಮ್ಕೊ ಕಂಪನಿ. ಕಾಂಟ್ರಾ 1988ರಲ್ಲಿ ಈ ಯಂತ್ರಕ್ಕೆ ಬಂತು. ಆದರೆ ರಾಯಚೂರು ಜಿಲ್ಲೆಯ ಮನೆಗಳಿಗೆ ಬಂದದ್ದು ಅಸಲಿ ಫ್ಯಾಮಿಕಾಮ್ ಅಲ್ಲ, ಅದನ್ನು ನಕಲು ಮಾಡಿದ ಅಗ್ಗದ "ಟಿವಿ ಗೇಮ್" ಡಬ್ಬಿಗಳು. ಕ್ಯಾಸೆಟ್ಟಿನ ಸ್ಟಿಕ್ಕರ್ ಮೇಲೆ 9999 ಗೇಮ್ ಎಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಕೆಲವೇ ಆಟಗಳು, ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ಆಮೇಲೆ ಕಂಪ್ಯೂಟರ್ ಸೆಂಟರ್‌ಗಳ ಕಾಲ ಬಂತು. ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್, ಏಜ್ ಆಫ್ ಎಂಪೈರ್ಸ್, ವೈಸ್ ಸಿಟಿ ಎಲ್ಲವೂ ಸಿಡಿಯಿಂದ ಸಿಡಿಗೆ, ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ಹರಿದು ಬಂದವು.

ಹಾಗಾಗಿ ಅಮೆರಿಕದವರ, ಜಪಾನಿನವರ ದೂರು ಬೇರೆ, ನಮ್ಮ ಲೆಕ್ಕ ಬೇರೆ. ಚಿಕ್ಕಂದಿನಲ್ಲಿ ಕೊಂಡದ್ದಕ್ಕೆ ಮತ್ತೆ ಯಾಕೆ ಹಣ ಎಂದು ಅವರು ಕೇಳುತ್ತಾರೆ. ನಾವು ಡಬ್ಬಿ ಮಾರಿದವರಿಗೆ ಕೊಟ್ಟೆವು, ಸೆಂಟರಿನವರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟೆವು. ಆಟ ಕಟ್ಟಿದವರಿಗೆ ಒಂದು ರೂಪಾಯಿಯೂ ಮುಟ್ಟಲಿಲ್ಲ. ಇದರಲ್ಲಿ ನಾಚಿಕೆಪಡಬೇಕಾದ್ದೇನಿಲ್ಲ. ಆಗ ಅಸಲಿಯನ್ನು ನಮ್ಮ ಕೈಗೆಟುಕುವಂತೆ ಮಾರುವವರೇ ಇರಲಿಲ್ಲ. ಈಗ ಇದ್ದಾರೆ. ನಮ್ಮ ಪಾಲಿಗೆ ಮರುಬಿಡುಗಡೆಯೆಂದರೆ ಈ ಆಟಗಳಿಗೆ ಮೊದಲ ಬಾರಿ ಬೆಲೆ ಕೊಡುವ ಅವಕಾಶ. ಆ ಬೆಲೆಗೆ ತಕ್ಕ ಕೆಲಸ ಆಗಿದೆಯೇ ಎಂಬುದನ್ನಷ್ಟೇ ನಾವು ನೋಡಬೇಕು.

ಏನು ಕೆಲಸ ಎಂದು ಹೊಸಬರು ಕೇಳಬಹುದು. ಮಾರಿಯೊ ಆಟ ಪೂರ್ತಿಯಾಗಿ 40 ಕೆಬಿ. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ಆದರೆ ಆ 40 ಕೆಬಿಯನ್ನು ಬರೆದದ್ದು 1983ರ ಒಂದು ಚಿಪ್ಪಿಗಾಗಿ. ಇವತ್ತಿನ ಲ್ಯಾಪ್‌ಟಾಪಿಗೆ ಆ ಚಿಪ್ಪಿನ ಭಾಷೆ ಅರ್ಥವಾಗುವುದಿಲ್ಲ. ನಡುವೆ ಹಳೆ ಯಂತ್ರದಂತೆಯೇ ವರ್ತಿಸುವ ಒಂದು ತಂತ್ರಾಂಶ ಬೇಕು. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಅದು ಸದ್ದು, ಬಣ್ಣ, ವೇಗ ಎಲ್ಲವನ್ನೂ ಹಿಂದಿನಂತೆಯೇ ಹೊಂದಿಸಬೇಕು. ಬಟನ್ ಒತ್ತಿದ ಕ್ಷಣಕ್ಕೂ ಕಾಂಟ್ರಾದ ಸಿಪಾಯಿ ಹಾರುವ ಕ್ಷಣಕ್ಕೂ ಸ್ವಲ್ಪ ಅಂತರ ಬಿದ್ದರೂ ಆಟ ಕೆಟ್ಟಿತು. ಸಿಂಧನೂರಿನ ಅಕ್ಕಿ ವ್ಯಾಪಾರ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಹಳೆ ಅಕ್ಕಿಗೆ ಹೆಚ್ಚು ಬೆಲೆ ಕೊಡುವುದು ವರ್ಷ ಕಳೆದದ್ದಕ್ಕಷ್ಟೇ ಅಲ್ಲ, ತೇವ ತಾಗದಂತೆ, ಹುಳ ಬೀಳದಂತೆ ಯಾರೋ ಕಾಪಾಡಿದ್ದಕ್ಕೆ.

ಮರುಬಿಡುಗಡೆಗಳಲ್ಲಿ ಮೂರು ಬಗೆ. ಮೊದಲನೆಯದು ಹಳೆ ಆಟವನ್ನು ಇದ್ದ ಹಾಗೆಯೇ ಎಮ್ಯುಲೇಟರಿನೊಳಗೆ ಇಟ್ಟು ಕೊಡುವುದು. ಕೊನಾಮಿ ಕಂಪನಿ 2019ರಲ್ಲಿ ತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಇಂಥದ್ದು. ಸರಣಿಯ ಹಲವು ಹಳೆಯ ಆಟಗಳು ಒಂದೆಡೆ, ಜೊತೆಗೆ ಆಟ ಹುಟ್ಟಿದ ಕಥೆ ಹೇಳುವ ಒಂದು ಡಿಜಿಟಲ್ ಪುಸ್ತಕ. ಬಿಡುಗಡೆಯಾದಾಗ ಬೆಲೆ 20 ಡಾಲರ್. ಆಮೇಲೆ ಜಪಾನಿನ ಆವೃತ್ತಿಗಳನ್ನು ಹೆಚ್ಚುವರಿ ಹಣ ಕೇಳದೆ ಸೇರಿಸಿದರು. ಜಪಾನಿನ ಕಾಂಟ್ರಾದಲ್ಲಿ ಕಾಡಿನ ಮರಗಳು ಗಾಳಿಗೆ ಅಲುಗುತ್ತವೆ, ಹಂತಗಳ ನಡುವೆ ಕಥೆಯ ದೃಶ್ಯಗಳು ಬರುತ್ತವೆ. ಅಮೆರಿಕದ ಆವೃತ್ತಿಯಲ್ಲಿ ಅವು ಇರಲಿಲ್ಲ. ಟ್ಯಾಂಕ್ ಗೇಮ್ ಬೇಕಾದವರಿಗೆ 2020ರ ನಾಮ್ಕೊ ಮ್ಯೂಸಿಯಂ ಆರ್ಕೈವ್ಸ್ ಎರಡನೆಯ ಸಂಪುಟದಲ್ಲಿ ಬ್ಯಾಟಲ್ ಸಿಟಿ ಇದೆ. ಅದರಲ್ಲಿ ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಿಕೊಳ್ಳಬಹುದು, ತಪ್ಪಿದರೆ ಹಿಂದಕ್ಕೆ ಸರಿಸಿ ಮತ್ತೆ ಆಡಬಹುದು. ಕರೆಂಟ್ ಹೋದರೆ ಮೊದಲಿನಿಂದ ಶುರುಮಾಡಬೇಕಾಗಿದ್ದ ಕಾಲ ಕಂಡವರಿಗೆ ಇದರ ಬೆಲೆ ಗೊತ್ತು. ಇಂಥ ಸಂಗ್ರಹಗಳಿಗೆ ಸಣ್ಣ ಮೊತ್ತ ಕೊಡುವುದು ಸರಿ, ದೊಡ್ಡ ಮೊತ್ತ ಸಲ್ಲದು.

ಎರಡನೆಯದು ಹಳೆ ಆಟದ ಎಲುಬನ್ನು ಉಳಿಸಿಕೊಂಡು ಚಿತ್ರ, ಸದ್ದು, ಅನುಕೂಲಗಳನ್ನು ಹೊಸದು ಮಾಡುವುದು. ಇದನ್ನು ರಿಮಾಸ್ಟರ್ ಎನ್ನುತ್ತಾರೆ. ಮೂರನೆಯದು ರಿಮೇಕ್, ಅಂದರೆ ಅದೇ ಕಥೆಯನ್ನು ಬುನಾದಿಯಿಂದ ಹೊಸದಾಗಿ ಕಟ್ಟುವುದು. ಅದು ಹೊಸ ಆಟವೇ ಆದ್ದರಿಂದ ಇಲ್ಲಿ ಅದರ ಗೊಡವೆ ಬೇಡ. ಎರಡನೆಯ ಬಗೆಯಲ್ಲೇ ಅತ್ಯುತ್ತಮವೂ ಇದೆ, ಅತಿ ಕೆಟ್ಟದ್ದೂ ಇದೆ. ಎರಡನ್ನೂ ವಿವರವಾಗಿ ನೋಡಬೇಕು.

ಉತ್ತಮ ಎಂದು ನಾನು ಕಣ್ಣುಮುಚ್ಚಿ ಹೇಳುವುದು ಏಜ್ ಆಫ್ ಎಂಪೈರ್ಸ್ 2. ಹಳ್ಳಿಯೊಂದರಿಂದ ಶುರುಮಾಡಿ ಹೊಲ, ಗಣಿ, ಕೋಟೆ, ಸೈನ್ಯ ಕಟ್ಟುತ್ತ ಸಾಮ್ರಾಜ್ಯ ಬೆಳೆಸುವ ಆಟ. 1999ರಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ ಇದನ್ನು ಮಾಡಿತು, 2009ರಲ್ಲಿ ಆ ಸ್ಟುಡಿಯೊ ಮುಚ್ಚಿತು. ಆದರೆ ಆಟಗಾರರು ಬಿಡಲಿಲ್ಲ. ಅಭಿಮಾನಿಗಳ ಒಂದು ಗುಂಪು ಫರ್ಗಾಟನ್ ಎಂಪೈರ್ಸ್ ಎಂಬ ಹೆಸರಿನಲ್ಲಿ ತಾವೇ ಹೊಸ ಭಾಗಗಳನ್ನು ಬರೆದು ಹಂಚಿತು. 2013ರಲ್ಲಿ ಎಚ್‌ಡಿ ಆವೃತ್ತಿ ಬಂದ ಮೇಲೆ ಅವರ ಕೆಲಸವನ್ನೇ ಅಧಿಕೃತವಾಗಿ ಸೇರಿಸಿಕೊಂಡರು. 2019ರ ನವೆಂಬರಿನಲ್ಲಿ ಬಂದ ಡೆಫಿನಿಟಿವ್ ಎಡಿಷನ್ ಕಟ್ಟಿದ್ದೂ ಅದೇ ಗುಂಪು. ಆಟವನ್ನು ಪ್ರೀತಿಸಿದವರ ಕೈಗೇ ಆಟ ಸೇರಿದ ಅಪರೂಪದ ಸಂದರ್ಭ ಇದು.

ಬದಲಾವಣೆಗಳೂ ಬಳಸಿ ಬಲ್ಲವರು ಮಾಡಿದಂಥವೇ. ಹಳೆಯದರಲ್ಲಿ ಹೊಲದ ಫಸಲು ಮುಗಿದಾಗಲೆಲ್ಲ ಯುದ್ಧದ ನಡುವೆ ಬಂದು ಕೈಯಾರೆ ಮರುಬಿತ್ತನೆ ಮಾಡಿಸಬೇಕಿತ್ತು. ಹೊಸದರಲ್ಲಿ ಅದು ತಾನಾಗಿ ಆಗುತ್ತದೆ. ಹೊಸಬರಿಗೆ ಹಂತ ಹಂತವಾಗಿ ಕಲಿಸುವ ಪಾಠಗಳಿವೆ. ನಮಗೆ ಇನ್ನೂ ಮುಖ್ಯವಾದದ್ದು ಬೇರೆ. 1999ರ ಆಟದಲ್ಲಿ ಭಾರತದ ಬಣವೇ ಇರಲಿಲ್ಲ. 2013ರಲ್ಲಿ ಇಡೀ ದೇಶಕ್ಕೆ ಇಂಡಿಯನ್ಸ್ ಎಂಬ ಒಂದೇ ಬಣ ಬಂತು. 2022ರ ಏಪ್ರಿಲ್‌ನಲ್ಲಿ ಡೈನಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗ ಬಂದಾಗ ಆ ಒಂದು ನಾಲ್ಕಾಯಿತು: ಹಿಂದುಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ. ಅದರಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯ ಕಥೆಯೂ ಇದೆ, ಬಂಗಾಳದ ದೇವಪಾಲನ ಕಥೆಯೂ ಇದೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳ ಬಂಗಾಳಿ ಮನೆಯ ಮಕ್ಕಳು ತಮ್ಮ ಅಜ್ಜಂದಿರ ನಾಡಿನ ದೊರೆಯನ್ನು ಇದರಲ್ಲಿ ಕಾಣಬಹುದು.

ಮಸ್ಕಿಯವರಿಗೆ ರಾಜೇಂದ್ರ ದೂರದವನಲ್ಲ. ಅಶೋಕನ ಹೆಸರನ್ನು ನೇರವಾಗಿ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು ಎಂದು ಮಸ್ಕಿಯನ್ನು ಶಾಲೆಯಲ್ಲೇ ಓದಿರುತ್ತೇವೆ. ಸುಮಾರು 1020ರಲ್ಲಿ ರಾಜೇಂದ್ರ ಚೋಳನಿಗೂ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನಿಗೂ ಯುದ್ಧ ನಡೆದ ಮುಶಂಗಿ ಎಂಬ ಸ್ಥಳವೂ ಇದೇ ಮಸ್ಕಿ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಆಟವನ್ನು ಆಡುವ ಹುಡುಗ ಆ ಪುಟವನ್ನು ಹುಡುಕಿಕೊಂಡು ಓದಿದರೆ ಅದಕ್ಕಿಂತ ಒಳ್ಳೆಯ ಇತಿಹಾಸ ಪಾಠ ಬೇಕಿಲ್ಲ. ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಚಾಲುಕ್ಯರಿಗೆ, ರಾಷ್ಟ್ರಕೂಟರಿಗೆ, ವಿಜಯನಗರಕ್ಕೆ ಇದರಲ್ಲಿ ಪ್ರತ್ಯೇಕ ಬಣವಿಲ್ಲ. ಮುಂದೆ ಬರಲಿ ಎಂದು ಕೇಳುವ ಹಕ್ಕು ಹಣ ಕೊಟ್ಟು ಆಡುವವರಿಗೆ ಇರುತ್ತದೆ.

ಈಗ ಕೆಟ್ಟ ಉದಾಹರಣೆ, ಜಿಟಿಎ ಎಂಬ ಆಟಗಳ ಸರಣಿಯದ್ದು. ವೈಸ್ ಸಿಟಿ 2002ರದ್ದು, ಸ್ಯಾನ್ ಆಂಡ್ರಿಯಾಸ್ 2004ರದ್ದು. ಜಿಟಿಎ 3 ಸೇರಿಸಿ ಮೂರನ್ನೂ ಹೊಸದು ಮಾಡಿ 2021ರ ನವೆಂಬರ್ 11ರಂದು ರಾಕ್‌ಸ್ಟಾರ್ ಕಂಪನಿ 60 ಡಾಲರಿಗೆ ಮಾರಾಟಕ್ಕಿಟ್ಟಿತು. ಕೆಲಸ ಮಾಡಿದ್ದು ಗ್ರೋವ್ ಸ್ಟ್ರೀಟ್ ಗೇಮ್ಸ್ ಎಂಬ ಸಣ್ಣ ಸ್ಟುಡಿಯೊ. ಮಳೆ ಬಂದರೆ ಪರದೆಯೆಲ್ಲ ಬಿಳಿ ಗೆರೆಗಳಾಗಿ ದಾರಿ ಕಾಣದಾಯಿತು, ಪಾತ್ರಗಳ ಮುಖಗಳು ವಿಕಾರವಾದವು, ಅಂಗಡಿ ಬೋರ್ಡುಗಳ ಕಾಗುಣಿತ ತಪ್ಪಿತು. ಇದಕ್ಕಿಂತ ಆಳವಾದ ತಪ್ಪು ಮಂಜನ್ನು ತೆಗೆದದ್ದು. ಹಳೆಯ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ ದೃಶ್ಯ ಮಸುಕಾಗಿರುತ್ತಿತ್ತು. ಯಂತ್ರದ ಶಕ್ತಿ ಸಾಲದು ಎಂದು ಮಾಡಿದ ಉಪಾಯ ಅದು. ಆದರೆ ಅದರಿಂದಲೇ ಆ ನಾಡು ವಿಶಾಲವಾಗಿ ಕಾಣುತ್ತಿತ್ತು. ಮಸುಕು ಹೋದಮೇಲೆ ಬೆಟ್ಟದ ತುದಿಯಲ್ಲಿ ನಿಂತರೆ ಇಡೀ ನಕ್ಷೆ ಒಂದೇ ನೋಟಕ್ಕೆ ಸಿಕ್ಕಿ, ಎಲ್ಲವೂ ಆಟಿಕೆಯಷ್ಟು ಪುಟ್ಟದಾಗಿ ಕಂಡಿತು. ಹಳೆ ಕಸುಬುದಾರರು ಕೊರತೆಯನ್ನೇ ಬಳಸಿ ಮಾಡಿದ ಕೆಲಸವನ್ನು ಅರ್ಥಮಾಡಿಕೊಳ್ಳದೆ ಒರೆಸಿ ಹಾಕಿದರೆ ಹೀಗೇ ಆಗುತ್ತದೆ.

ಇನ್ನೂ ಬೇಸರದ ಸಂಗತಿಯೆಂದರೆ, ಹೊಸದು ಬರುವ ಮೊದಲೇ ಹಳೆ ಆವೃತ್ತಿಗಳನ್ನು ಅಂಗಡಿಯಿಂದ ತೆಗೆದುಬಿಟ್ಟಿದ್ದರು. ಜನ ಸಿಟ್ಟಾದಾಗ ಕಂಪನಿ ಅದೇ ತಿಂಗಳು ಕ್ಷಮೆ ಕೇಳಿ, ಕಂಪ್ಯೂಟರಿನ ಹಳೆ ಆವೃತ್ತಿಗಳನ್ನು ಮರಳಿ ತರುವುದಾಗಿ ಹೇಳಿತು. ಹಳೆ ಆವೃತ್ತಿಗಳ ಬೆಳಕಿನ ರೀತಿ ಹೊಸ ಆಟಕ್ಕೆ ವಾಪಸ್ ಬಂದದ್ದು 2024ರ ನವೆಂಬರಿನಲ್ಲಿ, ಮೂರು ವರ್ಷದ ನಂತರ. ಮೊದಲ ದಿನವೇ ಪೂರ್ತಿ ಬೆಲೆ ಕೊಟ್ಟವರು ಅಷ್ಟು ಕಾಲ ಕಾಯಬೇಕಾಯಿತು. ರಾಕ್‌ಸ್ಟಾರ್‌ನ ಕಚೇರಿ ಬೆಂಗಳೂರಿನಲ್ಲೂ ಇದೆ. ನಮ್ಮ ರಾಜ್ಯದ ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿಯನ್ನು ಅದು 2019ರಲ್ಲಿ ಕೊಂಡಿತು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಓದಿದ ಹುಡುಗಿಯೂ ನಾಳೆ ಇಂಥ ಆಟಗಳಿಗೆ ಚಿತ್ರ ಬರೆಯಬಹುದು. ಆಟಕ್ಕೆ ಬೆಲೆ ಕೊಡುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಮಾರಾಟಕ್ಕೇ ಇಲ್ಲದ ಆಟಗಳ ಗತಿ? ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಬಿಡುಗಡೆಯಾದ ಹಳೆ ಆಟಗಳಲ್ಲಿ ಶೇ. 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ 2015ರಿಂದ ಡಾಸ್ ಎಂಬ ಹಳೆ ಕಂಪ್ಯೂಟರ್ ವ್ಯವಸ್ಥೆಯ ಕಾಲದ ಸಾವಿರಾರು ಆಟಗಳನ್ನು ಬ್ರೌಸರಿನಲ್ಲೇ ಆಡಲು ಇಟ್ಟಿದೆ. ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡನ್ ಮೆಕ್ನರ್ ತಮ್ಮ 1989ರ ಆಟದ ಮೂಲ ಸಂಕೇತವನ್ನು 2012ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಪ್ರೋಗ್ರಾಮಿಂಗ್ ಕಲಿಯುವವರು ಅದನ್ನು ಓದಲೇಬೇಕು. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ತಂತ್ರಾಂಶಕ್ಕೂ ರಕ್ಷಣೆಯಿದೆ, ಹಳತಾಯಿತೆಂದು ಆಟ ಬಿಟ್ಟಿಯಾಗುವುದಿಲ್ಲ. ಆದರೂ ಕಂಪನಿಗಳು ಮಾರದೆ, ಆಡಲೂ ಬಿಡದೆ ಕಪಾಟಿನಲ್ಲಿ ಕೊಳೆಯಿಸುವುದನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ "400 ಇನ್ 1" ಡಬ್ಬಿಗಳನ್ನು ಮಾತ್ರ ಮರುಬಿಡುಗಡೆ ಎಂದುಕೊಳ್ಳಬೇಡಿ. ಅವು ಹಿಂದಿನ ನಕಲಿ ಕ್ಯಾಸೆಟ್ಟಿನ ಮರಿಗಳು.

ಕೊಳ್ಳುವ ಬಗ್ಗೆ ಕೆಲವು ಮಾತು. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ. ಜೂನ್ ಕೊನೆಯಲ್ಲೂ ಡಿಸೆಂಬರಿನಲ್ಲೂ ದೊಡ್ಡ ರಿಯಾಯಿತಿ ಬರುತ್ತದೆ, ಹಳೆ ಆಟಗಳಿಗೆ ಪೂರ್ತಿ ಬೆಲೆ ಕೊಡುವ ಅವಸರ ಬೇಡ. ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಟ ಸರಾಗವಾಗಿ ಓಡುತ್ತದೆಯೇ ನೋಡಿಬಿಡಿ. ಟಿವಿಗೆ ಜೋಡಿಸಿ ಆಡುವವರು ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ, ಬಟನ್ನಿನ ತಡ ಕಡಿಮೆಯಾಗುತ್ತದೆ. ಏಜ್ ಆಫ್ ಎಂಪೈರ್ಸ್‌ನಂಥ ಹೊಸದಾಗಿಸಿದ ಆಟ ಹತ್ತಾರು ಜಿಬಿ ತೂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದು ವಾರಗಟ್ಟಲೆಯ ಕೆಲಸ, ಬ್ರಾಡ್‌ಬ್ಯಾಂಡ್ ಇರುವ ಕಡೆ ಇಳಿಸಿಕೊಳ್ಳಿ. ಸ್ಟೀಮ್‌ನಲ್ಲಿ ನೀವು ಕೊಳ್ಳುವುದು ಆಡುವ ಪರವಾನಗಿಯನ್ನಷ್ಟೇ, ಸ್ವಂತ ಪ್ರತಿಯನ್ನಲ್ಲ ಎಂಬುದೂ ನೆನಪಿರಲಿ. 2008ರಿಂದ ಹಳೆ ಆಟಗಳನ್ನು ಮಾರುತ್ತ ಬಂದ ಜಿಒಜಿ ಅಂಗಡಿಯಲ್ಲಿ ಆಟದ ಫೈಲನ್ನೇ ಕೊಡುತ್ತಾರೆ. ಒಮ್ಮೆ ಪೆನ್ ಡ್ರೈವಿಗೆ ಹಾಕಿಟ್ಟರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಒಂದೇ ಆಟ ಎರಡೂ ಕಡೆ ಇದ್ದರೆ ಜಿಒಜಿಯದ್ದನ್ನೇ ಆರಿಸಿ.

ಮೊದಲ ಸಲ ಹಣ ಹಾಕುವವರು ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಎಡಿಷನ್‌ನಿಂದ ಶುರುಮಾಡಿ, ರಿಯಾಯಿತಿ ಬಂದಾಗ ಕೊಳ್ಳಿ. ತಮ್ಮನೋ ಮಗಳೋ ಜೊತೆಗೆ ಕೂತು ಆಡುವವರಿದ್ದರೆ ಕಾಂಟ್ರಾ ಸಂಗ್ರಹ ತೆಗೆದುಕೊಳ್ಳಿ, ಅದು ಇಬ್ಬರ ಆಟ. ಜಿಟಿಎಯ ಮೂರು ಆಟಗಳ ಕಟ್ಟಿಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಕೊಡಬೇಡಿ.