ರೆಕಾರ್ಡರ್ ಕೊಳ್ಳುವ ಮುನ್ನ, ಕೊಂಡ ಮೇಲೆ: ದನಿ ಹಿಡಿಯುವವರಿಗೆ 14 ಸೂತ್ರಗಳು

ಬೀಸುವ ಪದ, ಸೋಬಾನೆ, ಮಾದೇಶ್ವರನ ಕಥೆ, ತಾಳಮದ್ದಲೆಯ ಅರ್ಥಗಾರಿಕೆ, ಮನೆಯ ಹಿರಿಯರ ಬಾಯಲ್ಲಿ ಉಳಿದಿರುವ ಊರ ಸಂಗತಿ. ಇವನ್ನೆಲ್ಲ ರೆಕಾರ್ಡ್ ಮಾಡಿಡಬೇಕೆಂದು ಹೊರಟವರು ಮೊದಲು ಕೇಳುವುದು ‘ಯಾವ ಮಷೀನು ತಗೊಳ್ಳಲಿ?’ ಎಂದು. ಅದಕ್ಕೆ ಉತ್ತರ ಹೇಳುವುದು ಸುಲಭ. ಕೆಲಸ ಕೆಡುವುದು ಆಮೇಲೆ: ಅದನ್ನು ಎಲ್ಲಿಟ್ಟಿರಿ, ಯಾವಾಗ ಗುಂಡಿ ಒತ್ತಿದಿರಿ, ಮನೆಗೆ ಬಂದು ಫೈಲನ್ನು ಏನು ಮಾಡಿದಿರಿ ಎಂಬಲ್ಲಿ. ಹಾಗಾಗಿ ಇಲ್ಲಿ ಅಂಗಡಿಯ ಮಾತು ಕಡಿಮೆ, ಜಗಲಿಯ ಮಾತೇ ಹೆಚ್ಚು.

1. ಮೊದಲು ಫೋನನ್ನೇ ಪರೀಕ್ಷಿಸಿ.
ಸಂದರ್ಶನ ಕೇಳಿಸಿಕೊಂಡು ಬರೆದುಕೊಳ್ಳುವುದಷ್ಟೇ ಆದರೆ ಕೈಯಲ್ಲಿರುವ ಫೋನು ಧಾರಾಳವಾಯಿತು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಾತಾಡುವವರ ಮುಂದಿಡಿ. ಹಾಡಿಗೆ ಮಾತ್ರ ಅದನ್ನು ನೆಚ್ಚಬೇಡಿ. ಒಂದೇ ಸಮನೆ ಕೇಳುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸಿಹಾಕುವ ತಂತ್ರಾಂಶ ಅನೇಕ ಫೋನುಗಳಲ್ಲಿದೆ. ಫ್ಯಾನಿಗೂ ತಂಬೂರಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ತಂಬೂರಿ ಮೀಟಿ ಹಾಡುವ ನೀಲಗಾರರ ಹಾಡಿನಲ್ಲಿ ಶ್ರುತಿ ನಡುನಡುವೆ ಮಾಯವಾಗಿ ಮತ್ತೆ ಹುಟ್ಟುವ ರೆಕಾರ್ಡಿಂಗನ್ನು ನೀವು ಕೇಳಿದ್ದರೆ, ಕಾರಣ ಇದೇ ಇರಬಹುದು.

2. ಸಣ್ಣದನ್ನೇ ಕೊಳ್ಳಿ.
ಜೂಮ್ ಎಚ್1ಎನ್, ಟಾಸ್ಕಾಮ್ ಡಿಆರ್-05ಎಕ್ಸ್ ಥರದ, ಅಂಗೈಯಲ್ಲಿ ಹಿಡಿಯುವ ಯಂತ್ರ ಮೊದಲ ಕೆಲವು ವರ್ಷಕ್ಕೆ ಸಾಕೇ ಸಾಕು. ನೋಡಿಕೊಳ್ಳಬೇಕಾದದ್ದು ಇಷ್ಟು: ವೇವ್ ಫೈಲಿನಲ್ಲಿ ರೆಕಾರ್ಡ್ ಮಾಡಬೇಕು, ಲೆವೆಲ್ ಕೈಯಿಂದ ಹೊಂದಿಸುವಂತಿರಬೇಕು, ಹೆಡ್‌ಫೋನಿಗೆ ತೂತಿರಬೇಕು, ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ಸೆಲ್ಲು ಹಾಕುವಂತಿರಬೇಕು. ಬರೀ ಚಾರ್ಜ್ ಮಾಡುವ ಯಂತ್ರ ನಡುರಾತ್ರಿ ಆಟದ ಬಯಲಿನಲ್ಲಿ ಖಾಲಿಯಾದರೆ ಯಾರೂ ನೆರವಿಗೆ ಬರುವುದಿಲ್ಲ.
ಮೈಕುಗಳಲ್ಲೂ ವ್ಯತ್ಯಾಸವಿದೆ. ಎಚ್1ಎನ್‌ನಲ್ಲಿ ಎರಡು ಮೈಕುಗಳು ಒಂದಕ್ಕೊಂದು ಅಡ್ಡಲಾಗಿ ಮುಂದಕ್ಕೆ ಮುಖ ಮಾಡಿವೆ, ಎದುರಿನ ದನಿಯನ್ನೇ ಹೆಚ್ಚು ಹಿಡಿಯುತ್ತವೆ. ಡಿಆರ್-05ಎಕ್ಸ್‌ನವು ಸುತ್ತಲಿನದೆಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ಒಬ್ಬರೇ ಹಾಡುವ, ಪಕ್ಕದಲ್ಲಿ ಮಕ್ಕಳು ಗಲಾಟೆ ಮಾಡುವ ಮನೆಗೆ ಮೊದಲನೆಯದು. ಸುತ್ತ ಕೂತು ಸೋಬಾನೆ ಹೇಳುವ ಹೆಂಗಸರ ನಡುವೆ ಇಡಲು ಎರಡನೆಯದು.
ನಾಲ್ಕು, ಆರು ಎಕ್ಸ್‌ಎಲ್‌ಆರ್ ತೂತುಗಳಿರುವ ದೊಡ್ಡ ಯಂತ್ರ ಚೆನ್ನಾಗಿ ಕಾಣುತ್ತದೆ, ನಿಜ. ಬೇರೆ ಮೈಕು, ಅದರ ಕೇಬಲ್ಲು, ಸ್ಟ್ಯಾಂಡು ಕೊಳ್ಳುವ ಯೋಚನೆ ಇಲ್ಲದಿದ್ದರೆ ಅವು ಧೂಳು ಕೂರಲಿಕ್ಕಷ್ಟೇ. ಮೈಕಿಗೆ 48 ವೋಲ್ಟ್ ಉಣಿಸಲು ಹೋದರೆ ಸೆಲ್ಲು ಬೇಗ ಬರಿದಾಗುತ್ತದೆ ಬೇರೆ.

3. ‘32 ಬಿಟ್ ಫ್ಲೋಟ್’ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊರಗಬೇಡಿ.
ಜೂಮ್ ಎಚ್1 ಎಸೆನ್ಷಿಯಲ್‌ನಂಥ ಹೊಸ ಯಂತ್ರಗಳಲ್ಲಿ ಈ ಸೌಕರ್ಯವಿದೆ. ಲೆವೆಲ್ ಹೊಂದಿಸುವ ಗೋಜಿಲ್ಲ. ಕಿರುಚಿದರೂ ಪಿಸುಗುಟ್ಟಿದರೂ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳಬಹುದು. ಆದರೆ ಮೈಕನ್ನು ದೂರ ಇಟ್ಟು ಕೆಡಿಸಿದ್ದನ್ನು ಯಾವ ಫ್ಲೋಟೂ ಸರಿಮಾಡದು.

4. ವೇವ್, 48 ಕಿಲೋಹರ್ಟ್ಸ್, 24 ಬಿಟ್. ಒಮ್ಮೆ ಹೊಂದಿಸಿ ಮರೆತುಬಿಡಿ.
ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, ಗಂಟೆಗೆ ಒಂದು ಜಿಬಿ ಚಿಲ್ಲರೆ. 32 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ 30 ಗಂಟೆ. ಎಂಪಿ3ಯಲ್ಲಿ ಜಾಗ ಉಳಿಯುತ್ತದೆ, ಆದರೆ ಬಿಸಾಡಿದ ದನಿ ಮರಳಿ ಬರುವುದಿಲ್ಲ. ವೇವ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದಲ್ಲ. ಅನೇಕ ಯಂತ್ರಗಳು ಫೈಲು 2 ಜಿಬಿ ಮುಟ್ಟಿದೊಡನೆ, ಎಂದರೆ ಎರಡು ಗಂಟೆಯ ಹೊತ್ತಿಗೆ, ತಾವಾಗಿಯೇ ಹೊಸ ಫೈಲು ತೆರೆಯುತ್ತವೆ. ಕಾಪಿ ಮಾಡುವಾಗ ಎರಡನೆಯದನ್ನು ಬಿಟ್ಟುಬರಬೇಡಿ.

5. ಕಾರ್ಡು, ಸೆಲ್ಲು ಎರಡಕ್ಕೂ ಜೋಡಿ ಇರಲಿ.
ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರು ದಿನಗಟ್ಟಲೆ ಕೂತು ರೆಕಾರ್ಡ್ ಮಾಡಿದರು. ಆದದ್ದು 15,683 ಸಾಲು. ಅದಕ್ಕೂ ಮೊದಲು ನಾಯ್ಕರೇ ಹೇಳಿ ಬರೆಸಿದ್ದಕ್ಕಿಂತ ಬಹಳ ಉದ್ದ. ಹಾಡುವವರು ಹುಮ್ಮಸ್ಸಿಗೆ ಬಂದರೆ ಕಾವ್ಯ ಬೆಳೆಯುತ್ತದೆ. ಆ ಹೊತ್ತಿಗೆ ‘ಸ್ವಲ್ಪ ನಿಲ್ಲಿ, ಸೆಲ್ಲು ತರುತ್ತೇನೆ’ ಎನ್ನುವ ಸ್ಥಿತಿ ಬರಬಾರದು.
ಕಾರ್ಡನ್ನು ಹೊರಡುವ ಮುನ್ನ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿ, ಲ್ಯಾಪ್‌ಟಾಪಿನಲ್ಲಲ್ಲ. ರೀಚಾರ್ಜ್ ಸೆಲ್ಲು ಹಾಕಿದರೆ ಮೆನುವಿನಲ್ಲಿ ಅದನ್ನು ತಿಳಿಸಿ. ಅದು 1.2 ವೋಲ್ಟು, ಸಾಮಾನ್ಯ ಸೆಲ್ಲು 1.5; ತಿಳಿಸದಿದ್ದರೆ ಚಾರ್ಜ್ ತೋರಿಸುವ ಗುರುತು ಸುಳ್ಳು ಹೇಳುತ್ತದೆ. ರೆಕಾರ್ಡ್ ಆಗುತ್ತಿರುವಾಗ ಸೆಲ್ಲು ಕಿತ್ತರೆ ಆ ಫೈಲು ತೆರೆಯದೇ ಹೋಗಬಹುದು.

6. ದೀಪ ಮಿನುಗುತ್ತಿದ್ದರೆ ರೆಕಾರ್ಡ್ ಆಗುತ್ತಿಲ್ಲ.
ಕೆಲವು ಯಂತ್ರಗಳಲ್ಲಿ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಸಿದ್ಧವಾಗಿ ನಿಲ್ಲುತ್ತದೆ, ಅಷ್ಟೆ. ದೀಪ ಮಿನುಗುತ್ತದೆ, ಪರದೆಯಲ್ಲಿ ಲೆವೆಲ್ ಪಟ್ಟಿ ಕುಣಿಯುತ್ತದೆ, ಹೆಡ್‌ಫೋನಿನಲ್ಲಿ ದನಿಯೂ ಕೇಳುತ್ತದೆ. ಎಲ್ಲ ನಡೆಯುತ್ತಿದೆ ಎಂದೇ ತೋರುತ್ತದೆ. ಇನ್ನೊಮ್ಮೆ ಒತ್ತಿದಾಗಲೇ ಶುರು. ನೋಡಬೇಕಾದದ್ದು ಸೆಕೆಂಡಿನ ಅಂಕಿಯನ್ನು, ಅದು ಓಡುತ್ತಿರಬೇಕು. ಓಡತೊಡಗಿದ ಮೇಲೆ ಹೋಲ್ಡ್ ಗುಂಡಿ ಜಾರಿಸಿಬಿಡಿ, ಯಾರದೋ ಬೆರಳು ತಾಗಿ ನಿಲ್ಲದಿರಲಿ.

7. ಹತ್ತಿರ, ಇನ್ನೂ ಹತ್ತಿರ.
ಇದೊಂದನ್ನು ಪಾಲಿಸಿದರೆ ಹತ್ತು ಸಾವಿರದ ಯಂತ್ರ ಐವತ್ತು ಸಾವಿರದ್ದನ್ನು ಮೀರಿಸುತ್ತದೆ. ದೂರ ಇಮ್ಮಡಿಯಾದರೆ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಗೊಂಯ್‌ಗುಟ್ಟುವಿಕೆ ಮಾತ್ರ ಇದ್ದಷ್ಟೇ ಇರುತ್ತದೆ. ಬಾವಿಯೊಳಗಿಂದ ಮಾತಾಡಿದಂತೆ ಕೇಳುವ ರೆಕಾರ್ಡಿಂಗುಗಳೆಲ್ಲ ಹೀಗೆ ಆದವೇ. ಮಾತಿಗೆ ಬಾಯಿಂದ ಒಂದು ಗೇಣು, ಹಾಡಿಗೆ ಒಂದು ಮೊಳ. ಬಾಯಿಗೆ ನೆಟ್ಟಗೆ ಹಿಡಿಯಬೇಡಿ, ಗಲ್ಲದ ಕಡೆಯಿಂದ ಕೊಂಚ ಓರೆಯಾಗಿರಲಿ. ‘ಪ’, ‘ಭ’ ಬಂದಾಗಲೆಲ್ಲ ಉಸಿರು ಬಡಿಯುವುದು ತಪ್ಪುತ್ತದೆ.
ವಾದ್ಯ ಜೊತೆಗಿದ್ದರೆ ದೂರವೇ ನಿಮ್ಮ ಮಿಕ್ಸರ್. ಕಂಸಾಳೆಯ ಕಂಚು ಹಾಡಿನ ದನಿಯನ್ನು ಸುಲಭವಾಗಿ ನುಂಗುತ್ತದೆ. ಯಂತ್ರವನ್ನು ಹಾಡುವವರ ಕಡೆ ತಿರುಗಿಸಿ, ಕಂಸಾಳೆಯವರನ್ನು ಎರಡು ಹೆಜ್ಜೆ ಹಿಂದೆ ಕೂರಲು ಕೇಳಿಕೊಳ್ಳಿ. ಕಥೆಗೆ ಅಡ್ಡಿಯಾಗುವುದಾದರೆ ಕೇಳಬೇಡಿ, ಯಂತ್ರವನ್ನೇ ಸರಿಸಿ.

8. ಜಾಗ ಆರಿಸಲು ಕಿವಿಗೆ ಕೆಲಸ ಕೊಡಿ, ಕಣ್ಣಿಗಲ್ಲ.
ಅತಿಥಿ ಬಂದರೆಂದು ಎಲ್ಲರೂ ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಹಾಲಿನಲ್ಲಿ ಕೂರಿಸುತ್ತಾರೆ. ರೆಕಾರ್ಡಿಂಗಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಮರುದನಿಯಾಗಿ ತಿರುಗಿ ಬಂದರೆ ಎದ್ದುಬಿಡಿ. ಹಾಸಿಗೆ, ಬಟ್ಟೆ, ಜೋಳದ ಚೀಲ ತುಂಬಿದ ಒಳಕೋಣೆಯೇ ಚೆನ್ನ. ಬೇರೆ ದಾರಿಯಿಲ್ಲದಿದ್ದರೆ ಕಂಬಳಿ, ಜಮಖಾನ ಹಾಸಿ. ಟೇಬಲ್ಲಿನ ಮೇಲಿಡುವುದಾದರೆ ಯಂತ್ರದಡಿ ಮಡಚಿದ ಟವೆಲ್ಲು ಇರಲಿ, ಲೋಟ ಇಟ್ಟ ಸದ್ದು ಸಿಡಿಲಾಗುವುದಿಲ್ಲ. ಫ್ಯಾನು ಆರಿಸಿ. ಫ್ರಿಜ್ಜನ್ನು ಆರಿಸಿದರೆ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗಿಡಿ. ಮತ್ತೆ ಹಾಕದೆ ಮನೆ ಬಿಟ್ಟು ಹೊರಡಲು ಆಗುವುದಿಲ್ಲ. ಸಿನಿಮಾ ಸೌಂಡಿನವರ ಹಳೆಯ ಉಪಾಯ ಇದು.

9. ಲೆವೆಲ್ ಹೊಂದಿಸಲು ಜೋರು ಭಾಗವನ್ನೇ ಕೇಳಿ.
‘ಸುಮ್ಮನೆ ಒಂದೆರಡು ಸಾಲು ಹಾಡಿ’ ಎಂದರೆ ಎಲ್ಲರೂ ಮೆಲ್ಲಗೆ ಹಾಡುತ್ತಾರೆ. ಅದಕ್ಕೆ ಹೊಂದಿಸಿದ ಲೆವೆಲ್ಲು ಅಸಲಿ ಹಾಡಿಗೆ ಒಡೆಯುತ್ತದೆ. ‘ಎಲ್ಲಕ್ಕಿಂತ ಏರುವ ಜಾಗ ಯಾವುದು, ಅದನ್ನೇ ಹಾಡಿ’ ಎನ್ನಿ. ಆಗ ಪಟ್ಟಿ ಮೈನಸ್ 12 ಡೆಸಿಬೆಲ್ಲಿನ ಸುತ್ತ ನಿಲ್ಲಲಿ. ಸೊನ್ನೆ ಮುಟ್ಟಿದ ದನಿ ಸೀಳುತ್ತದೆ, ಮತ್ತೆ ಜೋಡಿಸಲಾಗದು; ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು. ಆಟೋ ಲೆವೆಲ್ ಮಾತುಕತೆಗಷ್ಟೇ ಇರಲಿ. ಹಾಡುವವರು ಉಸಿರೆಳೆಯಲು ನಿಂತಾಗಲೆಲ್ಲ ಅದು ಹೊರಗಿನ ಕೋಳಿ, ಬೈಕನ್ನು ಎಳೆದು ಮುಂದಕ್ಕೆ ತರುತ್ತದೆ.

10. ಹೆಡ್‌ಫೋನು ಹಾಕಿಕೊಳ್ಳಿ, ನಾಚಬೇಡಿ.
ನಮ್ಮ ಕಿವಿ ಬೇಡದ್ದನ್ನು ತಾನಾಗಿ ಬಿಟ್ಟು ಕೇಳುತ್ತದೆ; ಮೈಕಿಗೆ ಆ ಜಾಣತನವಿಲ್ಲ. ಕಿವಿ ಪೂರಾ ಮುಚ್ಚುವ, ವೈರ್ ಇರುವ ಹೆಡ್‌ಫೋನು ಬೇಕು. ಬಳೆಯ ಸದ್ದು, ಸೀರೆಯ ಸೆರಗು ಮೈಕಿಗೆ ಉಜ್ಜುವುದು, ಪಕ್ಕದ ಮನೆಯ ಟಿವಿ, ಯಾರದೋ ಜೇಬಿನ ಫೋನಿನಿಂದ ಬರುವ ಟಿಟಿಟಿಟಿ ಎಲ್ಲ ಆಗಲೇ ಗೊತ್ತಾಗುತ್ತವೆ. ಮೊದಲ ಐದು ನಿಮಿಷ ಕೇಳಿದರೆ ಸಾಕು, ಆಮೇಲೆ ತೆಗೆದಿಟ್ಟು ಎದುರಿನವರ ಮುಖ ನೋಡಿ.

11. ಗಾಳಿಗೆ ರೋಮದ ಟೋಪಿ.
ಮೈಕಿಗೆ ಹಾಕುವ ಸ್ಪಂಜು ಉಸಿರಿಗೆ ಸಾಕು, ಬಯಲ ಗಾಳಿಗೆ ಸಾಲದು; ಅಲ್ಲಿ ರೋಮದ ಹೊದಿಕೆಯೇ ಬೇಕು. ಯಂತ್ರವನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳು ಉಜ್ಜಿದ ಸದ್ದೂ ಸೇರುತ್ತದೆ; ಸಣ್ಣ ಟ್ರೈಪಾಡು ಸಾಕು.

12. ಹೆಸರು, ಊರು, ದಿನ ದನಿಯಲ್ಲೇ ಇರಲಿ.
1902ರಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಿತು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿದ್ದಾರೆ. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಿತ್ತು. ಲೇಬಲ್ಲು ಹರಿದುಹೋದ ತಟ್ಟೆಯೂ ಇವತ್ತಿಗೂ ಹಾಡಿದವರ ಹೆಸರು ಹೇಳುತ್ತದೆ.
ಫೈಲಿನ ಹೆಸರು ಬದಲಾದೀತು, ನೋಟ್‌ಬುಕ್ ಕಳೆದೀತು. ಗುಂಡಿ ಒತ್ತಿದೊಡನೆ ದಿನಾಂಕ, ಊರು ನೀವು ಹೇಳಿ. ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ‘ಇದನ್ನು ಬೇರೆಯವರಿಗೂ ಕೇಳಿಸಬಹುದಾ, ಯೂಟ್ಯೂಬಿಗೆ ಹಾಕಬಹುದಾ ಅಜ್ಜಿ?’ ಎಂದು ಕೇಳಿ, ಉತ್ತರವೂ ಅಲ್ಲೇ ದಾಖಲಾಗಲಿ. ಬೇಡ ಎಂದರೆ ಬೇಡ. ಕೆಲವು ಹಾಡು ಆಚರಣೆಯ ಹೊತ್ತಿಗಷ್ಟೇ ಹಾಡುವಂಥವು, ಅವನ್ನು ಅಂಗಳಕ್ಕೆ ಎಳೆಯುವ ಹಕ್ಕು ನಮಗಿಲ್ಲ.

13. ನೀವು ಸುಮ್ಮನಿರಿ, ಯಂತ್ರ ಓಡುತ್ತಿರಲಿ.
ಪ್ರತಿ ಮಾತಿಗೂ ‘ಹೌದಾ’, ‘ಓಹೋ’ ಎಂದರೆ ಅವರ ದನಿಯ ಮೇಲೆ ನಿಮ್ಮದು ಕೂರುತ್ತದೆ. ತಲೆಯಾಡಿಸಿ ಸಾಕು. ಆದರೆ ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕೇ ಬೇಕು. ಇಲ್ಲದಿದ್ದರೆ ಕಥೆ ಸೊರಗುತ್ತದೆ. ಮನೆಯವರನ್ನೇ ಯಾರನ್ನಾದರೂ ಸ್ವಲ್ಪ ದೂರ ಕೂರಿಸಿ, ಅವರು ಹೂಂ ಎನ್ನಲಿ.
ಬೀಸುವ ಪದಕ್ಕೆ ಬೀಸುಕಲ್ಲು ಇದ್ದರೆ ಕಲ್ಲಿನ ಸದ್ದಿನೊಡನೆಯೇ ಹಿಡಿಯಿರಿ. ಕೈ ಗೂಟದ ಮೇಲಿದ್ದಾಗ ಬರುವ ಸಾಲು ಸುಮ್ಮನೆ ಕೂತಾಗ ನೆನಪಾಗದೇ ಹೋಗಬಹುದು, ಲಯವಂತೂ ಕಲ್ಲಿನದೇ. ಯಂತ್ರ ನೆಲದ ಮೇಲೆ ಬೇಡ, ಗರಗರ ನೆಲದಿಂದಲೇ ಹತ್ತಿ ಬರುತ್ತದೆ; ಹಾಡುವವರ ಎದೆಯ ಎತ್ತರಕ್ಕಿರಲಿ. ಸಾಹಿತ್ಯ ಸ್ಪಷ್ಟವಾಗಿ ಬೇಕೆಂದರೆ ಆಮೇಲೆ ಕಲ್ಲಿಲ್ಲದೆ ಇನ್ನೊಮ್ಮೆ ಹೇಳಿಸಿ. ಹಾಡು ಮುಗಿಯಿತೆಂದು ಒಡನೆ ನಿಲ್ಲಿಸಬೇಡಿ. ‘ಇದನ್ನ ನಮ್ಮವ್ವ ಬೇರೆ ಥರ ಹಾಡ್ತಿದ್ಲು’ ಎಂಬಂಥ ಮಾತು ಬರುವುದು ಕಾಫಿ ಬಂದ ಮೇಲೆ. ಕಡೆಗೆ ಅರ್ಧ ನಿಮಿಷ ಯಾರೂ ಮಾತಾಡದೆ ಆ ಕೋಣೆಯ ಮೌನವನ್ನೂ ಹಿಡಿಯಿರಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

14. ಅಂದೇ ಕಾಪಿ, ಮೂರು ಕಡೆ.
ಕಾರ್ಡಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಹೊರಗಿನ ಹಾರ್ಡ್ ಡಿಸ್ಕಿಗೆ, ಮತ್ತೊಂದು ಬೇರೆ ಊರಿನ ಗೆಳೆಯರ ಮನೆಗೋ ಕ್ಲೌಡಿಗೋ. ಮೂರೂ ಕಡೆ ತೆರೆದು ಕೇಳಿದ ಮೇಲೆಯೇ ಕಾರ್ಡು ಖಾಲಿ ಮಾಡಿ. ಹೆಸರು ವರ್ಷ, ತಿಂಗಳು, ದಿನದಿಂದ ಶುರುವಾದರೆ ಫೈಲುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಕತ್ತರಿಸುವುದು, ಸದ್ದು ತೆಗೆಯುವುದು ಏನೇ ಇದ್ದರೂ ಕಾಪಿಯ ಮೇಲೆ; ಅದಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಮೂಲಕ್ಕೆ ಕೈ ಹಚ್ಚಬೇಡಿ.
ನಾಲ್ಕನೆಯ ಕಾಪಿ ಹಾಡಿದವರಿಗೆ. ಅವರಿಗೆ ವೇವ್ ಬೇಡ, ಎಂಪಿ3 ಮಾಡಿ. ಮೊಮ್ಮಕ್ಕಳ ವಾಟ್ಸಾಪಿಗೆ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮನೆಯಲ್ಲಿ ಪೆನ್‌ಡ್ರೈವ್ ಹಾಕುವ ಸ್ಪೀಕರ್ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು: ಹಾಡುಗಳ ಮುಂದೆ 01, 02 ಎಂದು ಅಂಕಿ ಹಾಕಿ, ನೀವು ಹೊರಡುವ ಮುನ್ನ ಆ ಡಬ್ಬಿಯಲ್ಲೇ ಒಮ್ಮೆ ಹಾಕಿ ನೋಡಿ.