ಕಾಲೇಜಿನಲ್ಲಿ ಕಲಿಯುವ ಮಕ್ಕಳೂ ತಾಯ್ತಂದೆಗಳ ಹೊಣೆಯೂ

ಅಪ್ರಾಪ್ತವಯಸ್ಕ ಮಗುವಿನ ಹೆಸರಿನಲ್ಲಿ ಪಾಲಕರು ಬ್ಯಾಂಕಿನಲ್ಲಿ ನಡೆಸುವ ಖಾತೆಗೆ ಒಂದು ನಿಯಮವಿದೆ. ಮಗುವಿಗೆ 18 ವರ್ಷ ತುಂಬಿದೊಡನೆ ಪಾಲಕರ ಅಧಿಕಾರ ಕೊನೆಗೊಳ್ಳುತ್ತದೆ. ಮಗನೋ ಮಗಳೋ ಸ್ವತಃ ಬಂದು, ಗುರುತಿನ ದಾಖಲೆಗಳನ್ನೊಪ್ಪಿಸಿ, ಹೊಸದಾಗಿ ಸಹಿ ಮಾಡಬೇಕು. ಬ್ಯಾಂಕಿನ ಮಟ್ಟಿಗೆ ಇದು ಅರ್ಧ ತಾಸಿನ ಕೆಲಸ. ಮನೆಯ ಮಟ್ಟಿಗೆ ಹಾಗಲ್ಲ. ನಿನ್ನೆಯವರೆಗೆ ಕೈಹಿಡಿದು ನಡೆಸಿದ ಮಗುವನ್ನು ಇಂದು ವಯಸ್ಕನೆಂದು ಒಪ್ಪಿಕೊಳ್ಳಲು ಹೆತ್ತವರಿಗೆ ವರ್ಷಗಳೇ ಬೇಕಾಗುತ್ತವೆ. ಕೈಯನ್ನು ಪೂರ್ತಿ ಬಿಟ್ಟುಬಿಟ್ಟರೂ ಅನರ್ಥ, ಬಿಗಿಯಾಗಿ ಹಿಡಿದರೂ ಅನರ್ಥ. ಕಾಲೇಜಿನ ಮೂರು-ನಾಲ್ಕು ವರ್ಷಗಳಲ್ಲಿ ಹಿಡಿತವನ್ನು ಹಂತಹಂತವಾಗಿ ಸಡಿಲಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದವರು. ಅವರ ಸಾಹಸ ನಮಗೆಲ್ಲ ಹೆಮ್ಮೆಯ ವಿಷಯವೇ ಸರಿ. ಆದರೆ "ನಮ್ಮ ಕಾಲದಲ್ಲಿ ಬೀದಿದೀಪದ ಕೆಳಗೆ ಓದಿದೆವು, ನಿಮಗೇನು ಕಡಿಮೆಯಾಗಿದೆ?" ಎಂಬ ಮಾತನ್ನು ಇಂದಿನ ಮಕ್ಕಳ ಮುಂದಿಡುವುದರಿಂದ ಪ್ರಯೋಜನವಿಲ್ಲ. ಅಂದಿನವರ ಕಷ್ಟ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಇಂದಿನವರ ಕಷ್ಟ ಬಹುಮಟ್ಟಿಗೆ ಒಳಗಿನದು. ಕಾಣುವ ಕಷ್ಟಕ್ಕೆ ಕನಿಕರ ದೊರೆಯುತ್ತದೆ, ಕಾಣದ ಕಷ್ಟಕ್ಕೆ ಬೈಗುಳ ದೊರೆಯುತ್ತದೆ.

ನನ್ನ ಮನೆಯ ಒಂದು ಪ್ರಸಂಗ

ಇಲ್ಲಿ ನನ್ನದೇ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ನನ್ನ ಮಗ ಪದವಿಯ ಎರಡನೆಯ ವರ್ಷದಲ್ಲಿದ್ದಾಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ. ಎ.ಟಿ.ಕೆ.ಟಿ. ಎಂಬ ಏರ್ಪಾಡಿನಲ್ಲಿ ಉಳಿದ ವಿಷಯಗಳನ್ನು ಮತ್ತೆ ಬರೆಯುತ್ತ ಮುಂದಿನ ತರಗತಿಯಲ್ಲಿ ಕೂಡಬಹುದೆಂಬುದು ಮುಂಬಯಿಯ ತಾಯ್ತಂದೆಗಳಿಗೆ ಗೊತ್ತಿದ್ದದ್ದೇ. ಅದೇನೂ ಲೋಕ ಮುಳುಗುವ ಸಂಗತಿಯಲ್ಲ. ಆದರೆ ಅವನು ಅದನ್ನು ನಾಲ್ಕು ತಿಂಗಳು ನಮ್ಮಿಂದ ಮುಚ್ಚಿಟ್ಟ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಅನೇಕ ದಿನ ಕಾಲೇಜಿಗೆ ಹೋಗದೆ ಲೋಕಲ್ ಗಾಡಿಯಲ್ಲಿ ಈ ತುದಿಯಿಂದ ಆ ತುದಿಗೆ ಪ್ರಯಾಣಿಸಿ ಸಂಜೆ ಮರಳುತ್ತಿದ್ದ. ಅವನು ಊಟ ಬಿಡುತ್ತಿದ್ದುದನ್ನು ಮೊದಲು ಗಮನಿಸಿದವಳು ಅವನ ತಾಯಿ. ದಿನವಿಡೀ ಲೆಕ್ಕ ತಾಳೆ ನೋಡುವುದೇ ಕಸುಬಾದ ನನಗೆ ಎದುರಿನ ತಟ್ಟೆಯಲ್ಲಿ ಅನ್ನ ಮಿಗುತ್ತಿದ್ದುದು ಕಾಣಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಚಿಕ್ಕದು: "ಅಪ್ಪಾ, ನೀವು ಕೇಳುತ್ತಿದ್ದದ್ದು ಮಾರ್ಕು ಎಷ್ಟು ಅಂತ ಮಾತ್ರ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ."

ಮುಂದಿನ ವರ್ಷ ಅವನು ಆ ವಿಷಯಗಳಲ್ಲಿ ತೇರ್ಗಡೆಯಾದ. ಆದರೆ ಆ ಮಾತು ನನಗೆ ಕಲಿಸಿದ ಪಾಠ ದೊಡ್ಡದು. ಈ ಲೇಖನ ಹುಟ್ಟಿದ್ದೂ ಅದರಿಂದಲೇ.

ವರ್ಷಾರಂಭ: ಮಳೆಗಾಲದ ಎಚ್ಚರಗಳು

ನಮ್ಮ ಮಹಾನಗರದಲ್ಲಿ ಕಾಲೇಜೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಗ್ಯೂ, ಮಲೇರಿಯ, ಟೈಫಾಯ್ಡ್, ಕಾಮಾಲೆ, ಇಲಿಜ್ವರಗಳ ಕಾಲ. ನಿಂತ ನೀರಿನಲ್ಲಿ ನಡೆದು ಬರಬೇಕಾದ ಮಕ್ಕಳಿಗೆ ಒಂದು ಸಂಗತಿಯನ್ನು ತಪ್ಪದೆ ತಿಳಿಸಿರಿ. ಇಲಿಯೇ ಮೊದಲಾದ ಪ್ರಾಣಿಗಳ ಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಇಲಿಜ್ವರ ತರಬಲ್ಲದು. ಮನೆಗೆ ಬಂದೊಡನೆ ಸಾಬೂನು ಹಚ್ಚಿ ಕಾಲು ತೊಳೆದು ಒರೆಸಿಕೊಳ್ಳಬೇಕು. ನೆರೆನೀರಿನಲ್ಲಿ ನಡೆದವರು, ಅದರಲ್ಲೂ ಕಾಲಿನಲ್ಲಿ ಗಾಯವಿದ್ದವರು, 72 ತಾಸುಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಔಷಧದ ಬಗ್ಗೆ ಕೇಳುವುದು ಕ್ಷೇಮ. ಜ್ವರ ಬಂದರೆ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು. ಡೆಂಗ್ಯೂ ಇದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಮಕ್ಕಳು ಬೇರೆ ಊರಿನ ವಸತಿಗೃಹದಲ್ಲಿದ್ದರೆ ನಾಲ್ಕು ಕಾಗದಗಳನ್ನು ಅವರ ಪೆಟ್ಟಿಗೆಯಲ್ಲಿರಿಸಿರಿ: ರಕ್ತದ ಗುಂಪು ಮತ್ತು ಒಗ್ಗದ ಔಷಧಗಳ ವಿವರ, ಆರೋಗ್ಯವಿಮೆಯ ಪ್ರತಿ, ಹತ್ತಿರದ ಆಸ್ಪತ್ರೆಯ ವಿಳಾಸ, ಆ ಊರಿನಲ್ಲಿರುವ ಬಂಧುವೊಬ್ಬರ ದೂರವಾಣಿ ಸಂಖ್ಯೆ. ಹಿರಿಯ ವಿದ್ಯಾರ್ಥಿಗಳ ಪೀಡನೆಯನ್ನು, ಅಂದರೆ ರ‍್ಯಾಗಿಂಗನ್ನು, ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ನಿಯಮಗಳನ್ನು ಜಾರಿಗೆ ತಂದಿತು. ಅದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-180-5522. ದೂರು ಕೊಟ್ಟರೆ ಅವಮಾನವೆಂಬ ಭಾವನೆ ಮಕ್ಕಳಲ್ಲಿ ಮೂಡದಂತೆ ಮೊದಲೇ ಮಾತನಾಡಿರಬೇಕು.

ಊಟ ಮತ್ತು ನಿದ್ರೆ

ಬೆಳಿಗ್ಗೆ ಏಳರ ತರಗತಿಗೆ ಆರರ ಗಾಡಿ ಹಿಡಿಯುವ ಮಕ್ಕಳು ಬರಿಹೊಟ್ಟೆಯಲ್ಲಿ ಹೊರಟು, ಹನ್ನೊಂದಕ್ಕೆ ವಡಾಪಾವ್ ತಿಂದು, ಸಂಜೆಯವರೆಗೆ ಚಹದಲ್ಲಿ ಕಾಲಕಳೆಯುತ್ತಾರೆ. ಇದರ ಪೆಟ್ಟು ಹೆಣ್ಣುಮಕ್ಕಳಿಗೆ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ನೂರಕ್ಕೆ 31 ಮಂದಿಗೆ. ಆಯಾಸ, ಏಕಾಗ್ರತೆಯಿಲ್ಲದಿರುವುದು, ಮೆಟ್ಟಿಲೇರಿದರೆ ಏದುಸಿರು, ಇವನ್ನು ಸೋಮಾರಿತನವೆಂದು ಭಾವಿಸಿ ಗದರಿಸುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಹೆಣ್ಣುಮಕ್ಕಳಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಅಗತ್ಯ.

ಪರಿಹಾರದ ಬಹುಭಾಗ ನಮ್ಮ ಅಡುಗೆಮನೆಯಲ್ಲೇ ಇದೆ. ಹುರುಳಿ, ಹೆಸರುಕಾಳು, ಹರಿವೆ, ನುಗ್ಗೆಸೊಪ್ಪು ಇವೆಲ್ಲ ಊರಿನಿಂದ ನಾವು ಹೊತ್ತು ತಂದ ರುಚಿಗಳೇ. ಊಟದಲ್ಲಿ ನಿಂಬೆರಸವಿದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಡನೆ ಚಹ-ಕಾಫಿ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಬೆಳಗಿನ ಹೊತ್ತಿಗೆ ಒಂದು ಲೋಟ ರಾಗಿಯ ಗಂಜಿ, ಚೀಲದಲ್ಲಿ ಒಂದು ಹಿಡಿ ಹುರಿಗಡಲೆ-ಬೆಲ್ಲ ಇದ್ದರೂ ಸಾಕು.

ನಿದ್ರೆಯ ವಿಷಯದಲ್ಲಿ ಹೆತ್ತವರಿಗೆ ಒಂದು ತಪ್ಪು ಕಲ್ಪನೆಯಿದೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತುಸು ಹಿಂದೆ ಸರಿಯುತ್ತದೆ. ಆದ್ದರಿಂದ ರಾತ್ರಿ ತಡವಾಗಿ ನಿದ್ರೆ ಬರುವುದು ಕೇವಲ ಹಠವಲ್ಲ. ಈ ವಯಸ್ಸಿನವರಿಗೆ 8 ತಾಸಾದರೂ ನಿದ್ರೆ ಬೇಕು. ಪ್ರಾಯ ಕಳೆದವರಿಗೂ 7 ತಾಸಿಗಿಂತ ಕಡಿಮೆಯಾಗಬಾರದು. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆಯೇ ಸಾಧನ. ಪರೀಕ್ಷೆಯ ಹಿಂದಿನ ಇರುಳು ಜಾಗರಣೆ ಮಾಡಿಸಿ ಕಾಫಿ ಕಾಸಿಕೊಡುವ ತಾಯಿ ತನಗರಿಯದೆಯೇ ಮಗುವಿಗೆ ನಷ್ಟ ಮಾಡುತ್ತಾಳೆ. ರಾತ್ರಿ ಮೊಬೈಲನ್ನು ಮನೆಯವರೆಲ್ಲರೂ, ಅಂದರೆ ನಾವೂ ಸಹ, ನಡುಮನೆಯಲ್ಲಿಟ್ಟು ಮಲಗುವ ಪದ್ಧತಿ ಒಳ್ಳೆಯದು. ತಾನು ಪಾಲಿಸದ ನಿಯಮವನ್ನು ಮಕ್ಕಳಿಗೆ ವಿಧಿಸಿದರೆ ಅದು ನಿಲ್ಲಲಾರದು.

ಹಣದ ವಿಚಾರ

ಕೇಳಿದಾಗಲೆಲ್ಲ ಹಣ ಕೊಡುವುದಕ್ಕಿಂತ ತಿಂಗಳ ಮೊದಲ ದಿನ ನಿಗದಿಯಾದ ಮೊತ್ತ ಕೊಟ್ಟು, ಅದರಲ್ಲೇ ತಿಂಗಳು ಕಳೆಯಲು ಬಿಡುವುದು ಲೇಸು. ಒಂದೆರಡು ಸಲ ಇಪ್ಪತ್ತನೆಯ ತಾರೀಕಿಗೇ ಕೈ ಬರಿದಾಗಲಿ. ಆ ಪಾಠ ಅಗ್ಗದ್ದು.

ಒಂದು ಅಪಾಯವನ್ನು ಮಾತ್ರ ಖಂಡಿತವಾಗಿ ತಿಳಿಸಬೇಕು. "ನಿನ್ನ ಖಾತೆಯನ್ನು ಕೆಲವು ದಿನ ಉಪಯೋಗಿಸಲು ಕೊಡು, ಕಮಿಷನ್ ಕೊಡುತ್ತೇವೆ" ಎಂದು ವಿದ್ಯಾರ್ಥಿಗಳನ್ನು ಮರುಳುಮಾಡುವವರಿದ್ದಾರೆ. ವಂಚನೆಯ ಹಣ ಆ ಖಾತೆಯ ಮೂಲಕ ಹಾದುಹೋದರೆ ಖಾತೆ ಸ್ಥಗಿತವಾಗುವುದಷ್ಟೇ ಅಲ್ಲ, ಪೊಲೀಸ್ ತನಿಖೆಯೂ ಖಾತೆದಾರನ ಮೇಲೆಯೇ ಬರುತ್ತದೆ. ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು.

ಶಿಕ್ಷಣ ಸಾಲದ ಬಗ್ಗೆ ಒಂದು ಲೆಕ್ಕ. ವರ್ಷಾರಂಭಕ್ಕೆ 1 ಲಕ್ಷದಂತೆ ನಾಲ್ಕು ವರ್ಷ 4 ಲಕ್ಷ ರೂಪಾಯಿ ಪಡೆದಿರೆಂದು, ಬಡ್ಡಿ ಶೇಕಡ 10 ಎಂದು ಇಟ್ಟುಕೊಳ್ಳೋಣ. ಓದು ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಐದು ವರ್ಷಗಳ ಸರಳಬಡ್ಡಿ 50, 40, 30, 20 ಸಾವಿರಗಳು ಸೇರಿ 1,40,000 ರೂಪಾಯಿ. ಅದು ಅಸಲಿಗೆ ಸೇರಿ ಮಗನ ಮೊದಲ ಸಂಬಳದ ಹೊತ್ತಿಗೆ ಸಾಲ 5,40,000 ಆಗಿರುತ್ತದೆ. ಹೆತ್ತವರು ಮೊದಲ ವರ್ಷ ತಿಂಗಳಿಗೆ ಸುಮಾರು 833, ಎರಡನೆಯ ವರ್ಷ 1,667, ಮೂರನೆಯ ವರ್ಷ 2,500, ಮುಂದಿನ ಎರಡು ವರ್ಷ 3,333 ರೂಪಾಯಿಯಂತೆ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಸಾಲ 4 ಲಕ್ಷದಲ್ಲೇ ನಿಲ್ಲುತ್ತದೆ. ಹಾಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಈ ಲೆಕ್ಕವನ್ನು ಮಕ್ಕಳೆದುರಿಗೇ ಮಾಡಿರಿ. ಆದರೆ "ನಿನಗಾಗಿ ಇಷ್ಟು ಸುರಿದಿದ್ದೇವೆ" ಎಂದು ಎತ್ತಿ ಆಡದಿರಿ. ಸಾಲದ ಭಾರ ತಿಳಿದಿರುವುದು ಬೇರೆ, ಋಣದ ಭಾರದಲ್ಲಿ ಕುಸಿಯುವುದು ಬೇರೆ.

ಪರೀಕ್ಷೆಯ ಕಾಲ

2022ರಲ್ಲಿ ನಮ್ಮ ದೇಶದಲ್ಲಿ 13,000ಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ ತಿಳಿಸಿದೆ. ಇದು ಬೇರೆಯವರ ಮನೆಯ ಮಾತೆಂದು ಯಾರೂ ನೆಮ್ಮದಿಯಿಂದಿರಲಾಗದು. ಎರಡು ವಾರಗಳಿಗಿಂತ ಹೆಚ್ಚು ಕಾಲ ಮಂಕುತನ, ಊಟ-ನಿದ್ರೆಗಳಲ್ಲಿ ವ್ಯತ್ಯಾಸ, ಗೆಳೆಯರಿಂದ ದೂರ ಸರಿಯುವುದು, ಮೆಚ್ಚಿನ ವಸ್ತುಗಳನ್ನು ಹಂಚಿಬಿಡುವುದು, "ನಾನಿದ್ದು ಪ್ರಯೋಜನವೇನು" ಎಂಬ ಮಾತು, ಇವು ಎಚ್ಚರಿಕೆಯ ಗಂಟೆಗಳು. ಆಗ "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ. ಕೇಳಿದ್ದರಿಂದ ಮನಸ್ಸು ಹಗುರಾಗುವುದೇ ಹೆಚ್ಚು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತನಾಡಬಹುದೆಂಬುದು ನಮಗೆ ಸಮಾಧಾನದ ಸಂಗತಿ. ಮನಸ್ಸಿನ ಕಾಯಿಲೆಯೂ ಕಾಮಾಲೆಯಂತೆ ಒಂದು ಕಾಯಿಲೆ. ಚಿಕಿತ್ಸೆಯಿಂದ ಗುಣವಾಗುತ್ತದೆ.

ದಿನಕ್ಕೊಮ್ಮೆ ಮಕ್ಕಳೊಡನೆ ಕೂತು ಉಣ್ಣಿರಿ. ಆ ಹೊತ್ತಿನಲ್ಲಿ ಅಂಕಗಳ ಮಾತು ಬೇಡ. "ಇವತ್ತು ಯಾರ ಜೊತೆ ಊಟ ಮಾಡಿದೆ? ಯಾವ ಪಾಠ ಬೇಸರ ತರಿಸಿತು?" ಇಂಥ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಅಂಕಪಟ್ಟಿಯಲ್ಲಿರದ ವಿವರಗಳೆಲ್ಲ ಇರುತ್ತವೆ. ಉತ್ತರ ಬಾರದಿದ್ದರೂ ಬೇಸರಿಸಬಾರದು. ನನ್ನ ಮಗ ಬಾಯಿಬಿಟ್ಟದ್ದು ಮೂರನೆಯ ವಾರದಲ್ಲಿ.

ಬೇಸಿಗೆಯ ರಜೆ

ಪರೀಕ್ಷೆ ಮುಗಿದೊಡನೆ ಮೊದಲ ವಾರ ಅವರನ್ನು ನಿದ್ರಿಸಲು ಬಿಡಿರಿ. ವಸತಿಗೃಹದಿಂದ ಬಂದ ಮಗಳು ಹೋದಾಗಿನ ಮಗಳಾಗಿರುವುದಿಲ್ಲ. ರಾತ್ರಿ ಎಷ್ಟು ಗಂಟೆಗೆ ಮನೆಸೇರಬೇಕು, ಮನೆಗೆಲಸದಲ್ಲಿ ಅವಳ ಪಾಲೇನು ಎಂಬುದನ್ನು ಅಪ್ಪಣೆಯಾಗಿ ಹೊರಡಿಸದೆ ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ಮನೆಗೆಲಸದ ಪಾಲು ಗಂಡುಮಕ್ಕಳಿಗೂ ಇರಲಿ.

ಎರಡನೆಯ ವಾರದಲ್ಲಿ ಹಲ್ಲು, ಕಣ್ಣು, ರಕ್ತದ ಪರೀಕ್ಷೆಗಳು. ಅನಂತರ ತಿಂಗಳೊಪ್ಪತ್ತು ಯಾವುದಾದರೂ ಕೆಲಸ: ಲೆಕ್ಕಪರಿಶೋಧಕರ ಕಚೇರಿಯಲ್ಲೋ, ಅಂಗಡಿಯಲ್ಲೋ, ಪ್ರಯೋಗಾಲಯದಲ್ಲೋ. ಸಂಬಳ ಎಷ್ಟೇ ಇರಲಿ, ಸಮಯಪಾಲನೆಯೂ ಅಪರಿಚಿತರೊಡನೆ ವ್ಯವಹರಿಸುವ ರೀತಿಯೂ ಅಲ್ಲಿ ಬರುತ್ತವೆ. ಅದರ ಜೊತೆಗೆ ಹತ್ತು ದಿನವಾದರೂ ಊರಿಗೆ ಕಳಿಸಿರಿ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಮುಂಬಯಿಯಿಂದ ಉಡುಪಿ-ಮಂಗಳೂರು ಒಂದು ರಾತ್ರಿಯ ದಾರಿಯಾಗಿದೆ. ಅಜ್ಜಿಯ ಜಗುಲಿಯಲ್ಲಿ ಕೂತ ಮೊಮ್ಮಗನನ್ನು ಯಾರೂ ಶೇಕಡಾವಾರು ಕೇಳುವುದಿಲ್ಲ. "ಊಟ ಆಯಿತಾ ಮಗಾ?" ಎಂದಷ್ಟೇ ಕೇಳುತ್ತಾರೆ. ನಾನು ತಡವಾಗಿ ಕಲಿತ ಪ್ರಶ್ನೆ ನನ್ನ ತಾಯಿಗೆ ಮೊದಲೇ ಗೊತ್ತಿತ್ತು.

ಖಾತೆಯ ಅಧಿಕಾರ ಕೈಬಿಟ್ಟ ಮೇಲೂ ಖಾತೆದಾರ ನಮ್ಮವನೇ. ಇನ್ನು ಸಹಿ ಅವನದು. ಆದರೆ ಅವನು ಕಷ್ಟದಲ್ಲಿ ಮೊದಲು ಬರಬೇಕಾದ ಬಾಗಿಲು ನಮ್ಮದಾಗಿರಲಿ, ಆ ಬಾಗಿಲು ತೆರೆದಿದೆಯೆಂಬುದು ಅವನಿಗೆ ತಿಳಿದಿರಲಿ. ಈ ಸಂಚಿಕೆಯನ್ನು ಓದಿ ಮಡಚಿಟ್ಟ ರಾತ್ರಿ ಒಬ್ಬ ತಂದೆಯಾದರೂ ಅಂಕಗಳ ಪ್ರಶ್ನೆಯನ್ನು ಬದಿಗಿಟ್ಟು ಮಗುವಿನ ಪಕ್ಕದಲ್ಲಿ ಊಟಕ್ಕೆ ಕೂತರೆ ಈ ಬರಹ ಸಾರ್ಥಕವಾಯಿತೆಂದು ಭಾವಿಸುತ್ತೇನೆ.